ಕಾರು ಹೀಟ್ ಆಗ್ತಿದೆಯಾ? ಮೈಸೂರು–ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ ಹೀಟ್ ಆಗ್ತಿದೆ ಅಂದವರಿಗೆಲ್ಲ ಮೊದಲು ತಿರುಗಿ ಕೇಳಬೇಕಾದ್ದು ಎರಡೇ: ಯಾವಾಗ ಹೀಟ್ ಆಗುತ್ತೆ, ನೀರು ಎಷ್ಟು ಇಳಿದಿದೆ? ಇವೆರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉತ್ತರ ಇಲ್ಲದೆ ಸ್ಪ್ಯಾನರ್ ಹಿಡಿದರೆ ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್), ಪಂಪ್, ರೇಡಿಯೇಟರ್ ಅಂತ ಒಂದೊಂದೇ ಬದಲಾಯಿಸುತ್ತಾ ಹೋಗಬೇಕಾಗುತ್ತದೆ.

## ರಸ್ತೆಯಲ್ಲಿ ನಿಂತಾಗ

ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗ್ತಿದೆ. ಈಗಲೇ ಏನ್ ಮಾಡ್ಲಿ?

ಎಸಿ ಆಫ್ ಮಾಡಿ. ಹೀಟರ್ ನಾಬ್ ಪೂರ್ತಿ ಬಿಸಿಯ ಕಡೆ ತಿರುಗಿಸಿ, ಬ್ಲೋವರ್ ಜೋರಾಗಿಡಿ, ಕಿಟಕಿ ಇಳಿಸಿ. ಹೀಟರ್ ಅನ್ನೋದು ಡ್ಯಾಶ್‌ಬೋರ್ಡ್ ಹಿಂದೆ ಕೂತಿರುವ ಪುಟ್ಟ ರೇಡಿಯೇಟರ್. ಬೆವರು ಇಳಿದರೂ ಇಂಜಿನ್ನಿನ ಒಂದಷ್ಟು ಬಿಸಿ ಅದರಿಂದ ಹೊರಗೆ ಹೋಗುತ್ತದೆ. ಎಡಕ್ಕೆ ಬಂದು ಸುರಕ್ಷಿತ ಜಾಗ ನೋಡಿ ನಿಲ್ಲಿಸಿ.

ಹಬೆ ಬರುತ್ತಿದ್ದರೆ, ಕೂಲೆಂಟ್‌ನ (ಇಂಜಿನ್ ತಣಿಸಲು ನೀರಿಗೆ ಬೆರೆಸುವ ದ್ರವ) ಸಿಹಿ ವಾಸನೆ ಬಂದರೆ, ಅಥವಾ ಕೆಂಪು ದೀಪ ಹತ್ತಿದ್ದರೆ ಇಂಜಿನ್ ತಕ್ಷಣ ಆಫ್ ಮಾಡಿ. ಹಬೆ ಇಲ್ಲ, ಮುಳ್ಳು ಈಗಷ್ಟೇ ಮೇಲೇರಿದೆ ಅನ್ನುವುದಾದರೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ನೋಡಬಹುದು. ಇಳಿಯದಿದ್ದರೆ ಆಫ್. "ಇನ್ನೇನು ಮದ್ದೂರು ಬಂತು, ಅಲ್ಲಿ ತೋರಿಸೋಣ" ಅಂತ ಓಡಿಸಿದ ಆ ಕೊನೆಯ ಐದಾರು ಕಿಲೋಮೀಟರ್‌ನಲ್ಲೇ ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ ಲೋಹದ ಮುಚ್ಚಳ) ಬೆಂಡ್ ಆಗುವುದು. ಬೆಂಗಳೂರು ಹೆದ್ದಾರಿಯಲ್ಲಿ ನಿಂತರೆ ಹಜಾರ್ಡ್ ಲೈಟ್ ಹಾಕಿ, ಒಳಗಿದ್ದವರನ್ನೆಲ್ಲ ತಡೆಕಂಬಿಯ ಆಚೆ ಕಳಿಸಿ, ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ.

ರೇಡಿಯೇಟರ್ ಕ್ಯಾಪ್ ಯಾವಾಗ ತೆಗೀಬಹುದು?

ಕನಿಷ್ಠ ಮುಕ್ಕಾಲು ಗಂಟೆ ಬಿಡಿ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ 0.9ರಿಂದ 1.1 ಬಾರ್ ಒತ್ತಡ ತಡೆದು ಹಿಡಿದಿರುವುದರಿಂದ ಒಳಗಿನ ನೀರು 110 ಡಿಗ್ರಿಯಲ್ಲೂ ಕುದಿಯದೆ ಸುಮ್ಮನಿರುತ್ತದೆ. ಕ್ಯಾಪ್ ತೆಗೆದಿರೋ, ಒತ್ತಡ ಹೋಗಿ ಅಷ್ಟೂ ನೀರು ಒಮ್ಮೆಲೇ ಕುದ್ದು ಮುಖಕ್ಕೆ ಹಾರುತ್ತದೆ. ಪ್ರತಿ ಬೇಸಿಗೆಯಲ್ಲೂ ಹೀಗೇ ಕೈ ಸುಟ್ಟುಕೊಳ್ಳುವವರಿದ್ದಾರೆ.

ಮೇಲಿನ ಹೋಸ್ ಪೈಪ್ ಹಿಡಿದು ಹಿಸುಕಿ ನೋಡಿ. ಕೈ ತಾಳುವಷ್ಟು ಬಿಸಿಯಿದ್ದು ಪೈಪು ಮೆತ್ತಗಿದ್ದರೆ ಒತ್ತಡ ಇಳಿದಿದೆ. ದಪ್ಪ ಬಟ್ಟೆ ಮುಚ್ಚಿ, ಮುಖ ಆಚೆ ತಿರುಗಿಸಿ, ಕ್ಯಾಪನ್ನು ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ. ಬುಸ್ ಶಬ್ದ ಪೂರ್ತಿ ನಿಂತ ಮೇಲೆ ಒತ್ತಿ ತೆಗೆಯಿರಿ. ಹೊಸ ಕಾರುಗಳಲ್ಲಿ ಹಲವಕ್ಕೆ ರೇಡಿಯೇಟರ್ ಮೇಲೆ ಕ್ಯಾಪೇ ಇರುವುದಿಲ್ಲ. ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿನ ಮುಚ್ಚಳವೇ ಒತ್ತಡದ ಕ್ಯಾಪ್. ಅದಕ್ಕೂ ಇದೇ ನಿಯಮ.

ಕೈಲಿರೋದು ಕುಡಿಯೋ ನೀರಿನ ಬಾಟ್ಲಿ ಮಾತ್ರ. ಹಾಕ್ಬಹುದಾ?

ಹಾಕಬಹುದು, ಇಂಜಿನ್ ತಣಿದ ಮೇಲೆ. ಸ್ಟಾರ್ಟ್ ಮಾಡಿ ಐಡಲ್‌ನಲ್ಲಿಟ್ಟು, ಸಣ್ಣ ಧಾರೆಯಾಗಿ ಹಾಕಿ. ಕಾದ ಅಲ್ಯೂಮಿನಿಯಂ ಹೆಡ್‌ಗೆ ತಣ್ಣೀರು ಒಮ್ಮೆಲೇ ನುಗ್ಗಿದರೆ ಅದು ಬಿರುಕು ಬಿಡಬಹುದು, ಬಾಗಬಹುದು. ಇಂಜಿನ್ ಮೇಲೆ ಕೊಡದಿಂದ ನೀರು ಸುರಿಯುವುದಂತೂ ಬೇಡವೇ ಬೇಡ. ಊರು ಸೇರಿದ ಮೇಲೆ ಕೂಲೆಂಟ್ ಬದಲಾಯಿಸಿ.

ಮುಳ್ಳು ನಾರ್ಮಲ್ಲೇ ತೋರಿಸ್ತಿತ್ತು. ಆದ್ರೂ ಹೀಟ್ ಆಗಿ ಇಂಜಿನ್ ಹೋಯ್ತು ಅಂತಾರೆ, ನಂಬೋದಾ?

ನಂಬಬೇಕಾದ್ದೇ. ಸೆನ್ಸರ್ ಅಳೆಯುವುದು ತನ್ನನ್ನು ಮುಟ್ಟುತ್ತಿರುವ ನೀರಿನ ಬಿಸಿಯನ್ನು. ಹೋಸ್ ಒಡೆದು ನೀರೆಲ್ಲ ಹೋದರೆ ಸೆನ್ಸರ್ ಸುತ್ತ ಗಾಳಿ, ಹಬೆ ಮಾತ್ರ ಉಳಿಯುತ್ತದೆ. ಆಗ ಲೋಹ ಕಾಯುತ್ತಿದ್ದರೂ ಮುಳ್ಳು ನಡುವೆಯೇ ನಿಂತಿರಬಹುದು, ಕೆಳಗೂ ಇಳಿಯಬಹುದು. ಹಲವು ಸಣ್ಣ ಕಾರುಗಳಲ್ಲಿ ಮುಳ್ಳೂ ಇಲ್ಲ: ತಣ್ಣಗಿದ್ದಾಗ ನೀಲಿ ದೀಪ, ಮಿತಿ ಮೀರಿದಾಗ ಕೆಂಪು ದೀಪ, ನಡುವೆ ಏನೂ ಇಲ್ಲ. ಹೀಟರ್ ಹಾಕಿದಾಗ ಬಿಸಿಗಾಳಿ ಬರುತ್ತಿದ್ದುದು ಇದ್ದಕ್ಕಿದ್ದಂತೆ ತಣ್ಣಗಾದರೆ ನೀರು ಖಾಲಿಯಾಗಿರಬಹುದು ಎಂದೇ ತಿಳಿದು ನಿಲ್ಲಿಸಿ. ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಪುಟ್ಟ ಸಾಧನ) ಒಂದಿದ್ದರೆ ಫೋನಿನಲ್ಲೇ ಡಿಗ್ರಿ ಕಾಣುತ್ತದೆ. ಆರೋಗ್ಯವಾಗಿರುವ ಇಂಜಿನ್ ಸಾಮಾನ್ಯವಾಗಿ 85ರಿಂದ 105ರ ಒಳಗೆ ಆಡುತ್ತಿರುತ್ತದೆ.

## ನೀರು, ಕೂಲೆಂಟ್

ಮನೆ ಬೋರ್‌ವೆಲ್ ನೀರೇ ಹಾಕ್ಕೊಂಡು ಬಂದಿದ್ದೀವಿ. ಇಷ್ಟು ವರ್ಷ ಏನೂ ಆಗಿಲ್ವಲ್ಲ?

ಗೀಸರ್ ಕಾಯಿಲ್ ಬಿಚ್ಚಿದಾಗ ಅದರ ಮೇಲೆ ಬೆಳ್ಳಗೆ, ಒರಟಾಗಿ ಕಟ್ಟಿರುತ್ತದಲ್ಲ, ಉಗುರಿನಲ್ಲಿ ಕೆರೆದರೆ ಚಕ್ಕೆಯಾಗಿ ಏಳುವ ಸುಣ್ಣ? ಅದೇ ಇಂಜಿನ್ ಒಳಗೂ ಕಟ್ಟುತ್ತದೆ. ಮಂಡ್ಯ ಸೀಮೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಗಡುಸು. ರೇಡಿಯೇಟರ್ ಟ್ಯೂಬಿನ ಒಳಗಿನ ಸಂದು ಒಂದೆರಡು ಮಿಲಿಮೀಟರ್ ಅಷ್ಟೇ, ಅಲ್ಲಿ ಕೂದಲೆಳೆಯಷ್ಟು ಪದರ ಕೂತರೂ ಬಿಸಿ ಹೊರಗೆ ಹೋಗುವುದು ಕಡಿಮೆಯಾಗುತ್ತದೆ. ಬರೀ ನೀರಿನಲ್ಲಿ ತುಕ್ಕು ತಡೆಯುವ ರಾಸಾಯನಿಕವೂ ಇಲ್ಲ. ಕಾವೇರಿ ನಲ್ಲಿ ನೀರು ಇದಕ್ಕಿಂತ ವಾಸಿ, ಆದರೆ ಅದೂ ಪರಿಹಾರವಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಂಕ್‌ಗಳಲ್ಲೇ ಸಿಗುತ್ತದೆ, ಕೂಲೆಂಟ್ ಬೆರೆಸಲು ಅದನ್ನೇ ಬಳಸಿ.

ಹಸಿರು, ಕೆಂಪು, ನೀಲಿ ಅಂತ ಇದಾವಲ್ಲ, ಯಾವುದು ಹಾಕ್ಬೇಕು?

ಬಣ್ಣ ನೋಡಿ ಕೊಳ್ಳಬೇಡಿ. ಅದು ಕಂಪನಿ ತನಗಿಷ್ಟ ಬಂದಂತೆ ಬೆರೆಸಿದ ಡೈ. ನೋಡಬೇಕಾದ್ದು ಓನರ್ಸ್ ಮ್ಯಾನುಯಲ್‌ನಲ್ಲಿ ಹೇಳಿರುವ ದರ್ಜೆ. ಹಳೆಯ ಸಿಲಿಕೇಟ್ ಬಗೆಯದನ್ನೂ ಹೊಸ ಆರ್ಗ್ಯಾನಿಕ್ ಆಸಿಡ್ ಬಗೆಯದನ್ನೂ ಬೆರೆಸಿದರೆ ಗಂಜಿಯಂತೆ ಗಟ್ಟಿಯಾಗಿ ಸಂದು ಮುಚ್ಚಬಹುದು. ಒಳಗೆ ಯಾವುದಿದೆಯೋ ಗೊತ್ತಿಲ್ಲದಿದ್ದರೆ ಪೂರ್ತಿ ತೆಗೆದು, ತೊಳೆದು ಒಂದೇ ಬಗೆಯದನ್ನು ಹಾಕಿ. ಹಳೆಯ ಬಗೆಯದಕ್ಕೆ ಎರಡು ವರ್ಷ, ಲಾಂಗ್ ಲೈಫ್‌ಗೆ ಸುಮಾರು ಐದು ವರ್ಷ ಆಯಸ್ಸು.

ತೆಗೆದದ್ದನ್ನು ಚರಂಡಿಗೋ ಗದ್ದೆ ಬದುವಿಗೋ ಚೆಲ್ಲಬೇಡಿ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ, ದನ ನೆಕ್ಕುತ್ತವೆ, ಅದು ವಿಷ.

ಎಷ್ಟು ಲೀಟರ್ ಹಿಡಿಯುತ್ತೆ? ಎಷ್ಟಕ್ಕೆ ಎಷ್ಟು ನೀರು?

ಸಣ್ಣ ಪೆಟ್ರೋಲ್ ಕಾರಿಗೆ ಮೂರೂವರೆಯಿಂದ ಐದು ಲೀಟರ್, ದೊಡ್ಡ ಡೀಸೆಲ್ ಗಾಡಿಗೆ ಆರರಿಂದ ಒಂಬತ್ತು. "ಪ್ರೀಮಿಕ್ಸ್" ಅಂತಿದ್ದರೆ ನೀರು ಸೇರಿಸದೆ ಹಾಗೇ ಹಾಕಬೇಕು. ಕಾನ್ಸನ್ಟ್ರೇಟ್ ಆದರೆ ಡಬ್ಬಿಯ ಮೇಲಿನ ಅಳತೆಯಂತೆ, ಸಾಮಾನ್ಯವಾಗಿ ಅರ್ಧಕ್ಕರ್ಧ.

ಇಲ್ಲಿ ತಪ್ಪುವುದು ಲೆಕ್ಕದಲ್ಲಿ. ಕೆಳಗಿನ ಪ್ಲಗ್ ಬಿಚ್ಚಿದರೆ ರೇಡಿಯೇಟರ್ ಖಾಲಿಯಾಗುತ್ತದೆಯೇ ಹೊರತು ಇಂಜಿನ್ ಬ್ಲಾಕ್ ಒಳಗೆ, ಹೀಟರ್ ಒಳಗೆ ಒಂದು ಲೀಟರ್ ಮೇಲೆ ತೊಳೆದ ನೀರು ಉಳಿದೇ ಇರುತ್ತದೆ. ಒಟ್ಟು 4.5 ಲೀಟರ್ ಹಿಡಿಯುವ ಕಾರಿಗೆ ಮೊದಲು 2.25 ಲೀಟರ್ ಕಾನ್ಸನ್ಟ್ರೇಟ್ ಹಾಕಿಬಿಡಿ, ಮಿಕ್ಕದ್ದನ್ನು ಡಿಸ್ಟಿಲ್ಡ್ ವಾಟರ್‌ನಿಂದ ತುಂಬಿ. ಬಕೆಟ್‌ನಲ್ಲಿ ಮೊದಲೇ ಬೆರೆಸಿ ಸುರಿದರೆ ಒಳಗಿನ ಹಳೇ ನೀರು ಸೇರಿ ತೆಳ್ಳಗಾಗುತ್ತದೆ. ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನುವುದೂ ಸುಳ್ಳು: ಬಿಸಿ ಹೊರುವುದರಲ್ಲಿ ನೀರಿಗಿಂತ ಗ್ಲೈಕಾಲ್ ಹಿಂದೆ.

ವಾರಕ್ಕೆ ಅರ್ಧ ಲೀಟರ್ ಇಳಿಯುತ್ತೆ, ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಆವಿಯಾಗುತ್ತಾ?

ಇಲ್ಲ. ಇದು ಮುಚ್ಚಿದ ವ್ಯವಸ್ಥೆ. ನೀರು ಕಡಿಮೆಯಾಯಿತೆಂದರೆ ಎಲ್ಲೋ ಹೊರಗೆ ಹೋಗುತ್ತಿದೆ ಎಂದೇ ಅರ್ಥ, ದಿನಾ ಬೆಳಿಗ್ಗೆ ನೀರು ಹಾಕಿಕೊಂಡು ಓಡಿಸುವುದು ರಿಪೇರಿಯಲ್ಲ. ಓಡುವಾಗ ಸೋರಿದ್ದು ಬಿಸಿ ಲೋಹದ ಮೇಲೆ ಬಿದ್ದು ಅಲ್ಲೇ ಒಣಗುವುದರಿಂದ ನೆಲಕ್ಕೆ ಬರುವುದಿಲ್ಲ, ಆದರೆ ಗುರುತು ಬಿಡುತ್ತದೆ. ಹೋಸ್ ಕ್ಲಿಪ್‌ಗಳ ಬಳಿ, ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನ ಬಾಯಲ್ಲಿ, ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಮತ್ತು ಅಲ್ಯೂಮಿನಿಯಂ ಸೇರುವ ಅಂಚಿನಲ್ಲಿ ಹಸಿರು, ಗುಲಾಬಿ ಅಥವಾ ಬಿಳಿ ಪುಡಿ ಕಟ್ಟಿದೆಯೇ ಟಾರ್ಚ್ ಬಿಟ್ಟು ನೋಡಿ. ಎಡಗಡೆ ಮುಂದಿನ ಮ್ಯಾಟ್ ಒದ್ದೆ, ಗಾಜಿಗೆ ಎಣ್ಣೆ ಸವರಿದಂಥ ಮಂಜು ಅಂದರೆ ಸೋರುತ್ತಿರುವುದು ಹೀಟರ್ ಕೋರ್, ಅಂದರೆ ಡ್ಯಾಶ್‌ಬೋರ್ಡ್ ಹಿಂದಿನ ಆ ಪುಟ್ಟ ರೇಡಿಯೇಟರ್.

ಎಲ್ಲೂ ಕಾಣದಿದ್ದರೆ ಪ್ರೆಷರ್ ಟೆಸ್ಟ್ ಮಾಡಿಸಿ. ತಣ್ಣಗಿರುವ ಇಂಜಿನ್ನಿಗೆ ಕ್ಯಾಪ್ ಜಾಗದಲ್ಲಿ ಕೈಪಂಪ್ ಕೂರಿಸಿ, ಕ್ಯಾಪ್ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಡಬೇಕು. ಪಂಪಿನ ಒತ್ತಡದ ಮುಳ್ಳು ಇಳಿದರೆ ಸೋರಿಕೆ ಇದೆ. ಇಳಿದೂ ಹೊರಗೆ ಏನೂ ಕಾಣದಿದ್ದರೆ ನೀರು ಸಿಲಿಂಡರ್‌ಗೋ ಆಯಿಲ್‌ಗೋ ಹೋಗುತ್ತಿದೆ. ಡೀಸೆಲ್ ಆದರೆ ಇಜಿಆರ್ ಕೂಲರ್ (ಇಂಜಿನ್ನಿಗೆ ಮರಳಿಸುವ ಹೊಗೆಯನ್ನು ತಣಿಸುವ ಭಾಗ) ಮೇಲೂ ಅನುಮಾನ ಇರಲಿ.

ಅರಿಶಿನ ಪುಡಿ ಹಾಕಿದ್ರೆ ಲೀಕ್ ನಿಲ್ಲುತ್ತಂತೆ, ನಿಜವೇ?

ಹಳೇ ಡ್ರೈವರುಗಳ ಉಪಾಯ, ಸೂಜಿಮೊನೆಯಂಥ ತೂತಾದರೆ ಸ್ವಲ್ಪ ಹೊತ್ತು ನಿಲ್ಲುವುದೂ ಉಂಟು. ತೂತನ್ನು ಮುಚ್ಚುವ ಪುಡಿಗೆ ಹೀಟರ್ ಕೋರ್, ರೇಡಿಯೇಟರ್ ಟ್ಯೂಬ್ ಯಾವುದು ಅನ್ನುವುದು ಗೊತ್ತಾಗುವುದಿಲ್ಲ, ಅವನ್ನೂ ಮುಚ್ಚುತ್ತದೆ. ಅಂಗಡಿಯ ಸ್ಟಾಪ್-ಲೀಕ್ ಬಾಟಲಿಗೂ ಇದೇ ಮಾತು.

## ಯಾವಾಗ ಹೀಟ್ ಆಗುತ್ತೆ?

ದಸರಾ ಟ್ರಾಫಿಕ್‌ನಲ್ಲಿ ಹೀಟ್ ಆಗುತ್ತೆ, ರಿಂಗ್ ರೋಡಿಗೆ ಬಂದ್ರೆ ತಾನೇ ಇಳಿಯುತ್ತೆ. ಯಾಕೆ?

ಫ್ಯಾನ್. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಸಯ್ಯಾಜಿರಾವ್ ರಸ್ತೆಯಲ್ಲಿ ದೀಪಾಲಂಕಾರ ನೋಡುತ್ತ ತೆವಳುವಾಗ ಫ್ಯಾನ್ ಒಂದೇ ದಿಕ್ಕು.

ಪರೀಕ್ಷೆ ಹೀಗೆ. ಇಂಜಿನ್ ಐಡಲ್‌ನಲ್ಲಿಟ್ಟು ಎಸಿ ಹಾಕಿ, ಬಹುತೇಕ ಕಾರುಗಳಲ್ಲಿ ಫ್ಯಾನ್ ತಿರುಗಬೇಕು. ತಿರುಗಿದರೆ ಮೋಟಾರಿಗೆ ಜೀವವಿದೆ, ಟೆಂಪರೇಚರ್ ಸೆನ್ಸರ್ ಕಡೆ ನೋಡಬೇಕು. ತಿರುಗದಿದ್ದರೆ ಮೊದಲು ಫ್ಯೂಸ್. ಆಮೇಲೆ ಅದೇ ನಂಬರಿನ ಬೇರೊಂದು ರಿಲೇ ಕಿತ್ತು ಫ್ಯಾನ್ ರಿಲೇ ಜಾಗಕ್ಕೆ ಹಾಕಿ ನೋಡಿ. ಅದಕ್ಕೂ ಜಗ್ಗದಿದ್ದರೆ ಮೋಟಾರ್ ಪ್ಲಗ್ ಬಿಚ್ಚಿ, ಫ್ಯೂಸ್ ಇರುವ ದಪ್ಪ ವೈರಿನಿಂದ ಬ್ಯಾಟರಿಯ 12 ವೋಲ್ಟ್ ನೇರ ಕೊಡಿ. ಆಗಲೂ ತಿರುಗದಿದ್ದರೆ ಮೋಟಾರ್ ಸತ್ತಿದೆ.

ತಿರುಗುತ್ತಿದೆ ಅನ್ನುವುದೂ ಸಾಲದು. ಬ್ರಷ್ ಸವೆದ ಮೋಟಾರ್ ನಿಧಾನಕ್ಕೆ ತಿರುಗುತ್ತದೆ, ಗಾಳಿ ಎಳೆಯುವುದಿಲ್ಲ. ಮುಂದಿನ ಜಾಲರಿಯ ಹಿಂದೆ, ರೇಡಿಯೇಟರಿನ ಮುಂದೆ ಇರುವ ಎಸಿ ಕಂಡೆನ್ಸರ್ ಮೇಲೆ ಪೇಪರಿನ ಒಂದು ಹಾಳೆ ಹಿಡಿಯಿರಿ. ಅದು ತಾನೇ ಅಂಟಿಕೊಂಡು ನಿಲ್ಲಬೇಕು. ಜಾರಿ ಬಿದ್ದರೆ ಮೋಟಾರ್ ಬಡವಾಗಿದೆ. ಆಚೆಗೆ ತಳ್ಳಿದರೆ ಹಿಂದಿನ ರಿಪೇರಿಯಲ್ಲಿ ವೈರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿದೆ. ಇದು ನಗುವ ವಿಷಯವಲ್ಲ, ಆಗಾಗ ಸಿಗುತ್ತದೆ.

ಸಿಟೀಲಿ ಸರಿಯಾಗಿದೆ. ಬೆಂಗಳೂರು ಹೈವೇಲಿ ನೂರಕ್ಕೆ ಹೋದ್ರೆ ಮುಳ್ಳು ಏರುತ್ತೆ.

ಮೇಲಿನದಕ್ಕೆ ಪೂರ್ತಿ ಉಲ್ಟಾ. ಗಾಳಿ ಬೇಕಾದಷ್ಟಿದೆ, ನೀರು ಸಾಕಷ್ಟು ಹರಿಯುತ್ತಿಲ್ಲ. ಫ್ಯಾನ್ ಬಿಟ್ಟು ರೇಡಿಯೇಟರ್ ಒಳಗೆ ಕಟ್ಟಿಕೊಂಡಿರುವುದು, ಅರ್ಧ ತೆರೆದ ಥರ್ಮೋಸ್ಟಾಟ್, ಪಂಪಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ನೋಡಿ. ಬ್ಲೇಡ್ ತುಕ್ಕು ಹಿಡಿದು ಕರಗಿದ, ಅಥವಾ ಪ್ಲಾಸ್ಟಿಕ್ ಇಂಪೆಲ್ಲರ್ ಶಾಫ್ಟ್ ಮೇಲೆ ಜಾರುವ ಪಂಪ್ ಹೊರಗಿಂದ ಚೆನ್ನಾಗಿಯೇ ಕಾಣುತ್ತದೆ. ಕೆಳಗಿನ ಹೋಸನ್ನೂ ಗಮನಿಸಿ: ಇಂಜಿನ್ ರೈಸ್ ಮಾಡಿದಾಗ ಅದು ಹೀರಿದ ಸ್ಟ್ರಾನಂತೆ ಚಪ್ಪಟೆಯಾದರೆ ಹೋಸ್ ಸತ್ವ ಕಳೆದುಕೊಂಡಿದೆ, ಇಲ್ಲವೇ ಹರಿವಿಗೆ ತಡೆಯಿದೆ.

ರಸ್ತೆ ಮೇಲೆ ಹುರುಳಿ ಒಕ್ಕಣೆ ಹಾಕಿದ್ರು, ಮೇಲೇ ಹೋದ್ವಿ. ಆವತ್ತಿಂದ ಬಿಸಿ ಜಾಸ್ತಿ.

ಮೊದಲು ಕೆಳಗೆ ಬಗ್ಗಿ ನೋಡಿ. ಹುಲ್ಲು, ಬಳ್ಳಿ ಡ್ರೈವ್ ಶಾಫ್ಟಿಗೆ ಸುತ್ತಿಕೊಂಡು ಸೈಲೆನ್ಸರ್ ಪೈಪಿಗೆ ತಾಗಿದರೆ ಗಾಡಿಗೆ ಬೆಂಕಿಯೇ ಹತ್ತುತ್ತದೆ, ಹೀಟ್ ಆಮೇಲಿನ ಮಾತು. ಒಕ್ಕಣೆ ದಾಟಿದ ಕೂಡಲೇ ನಿಲ್ಲಿಸಿ ಕಿತ್ತು ಹಾಕುವುದು ರೂಢಿಯಾಗಲಿ.

ಇನ್ನು ಹೊಟ್ಟು, ಕಬ್ಬಿನ ಲಾರಿಯಿಂದ ಹಾರುವ ತರಗಿನ ಚೂರು ಇವೆಲ್ಲ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿನಲ್ಲಿ ಕಂಬಳಿಯಂತೆ ಕೂರುತ್ತವೆ. ಮುಂದಿನಿಂದ ನೋಡಿದರೆ ಎಲ್ಲ ಶುಭ್ರ. ಮೇಲಿನ ಬ್ರಾಕೆಟ್ ಬಿಚ್ಚಿ ರೇಡಿಯೇಟರ್ ಸ್ವಲ್ಪ ಹಿಂದಕ್ಕೆ ವಾಲಿಸಿ, ಇಂಜಿನ್ ಕಡೆಯಿಂದ ಹೊರಕ್ಕೆ ಸಾಧಾರಣ ಹೋಸ್ ಪೈಪಿನ ನೀರು ಬಿಡಿ. ವಾಟರ್ ವಾಶ್ ಗನ್ ಹತ್ತಿರ ಹಿಡಿದರೆ ಫಿನ್‌ಗಳು ಮಡಚಿ ಗಾಳಿಯ ದಾರಿ ಮುಚ್ಚುತ್ತದೆ.

ಊಟಿಗೆ ಹತ್ತುವಾಗ ಮಾತ್ರ ಹೀಟ್. ಎತ್ತರಕ್ಕೆ ಹೀಗಾಗುತ್ತಾ?

ಎತ್ತರದ ಪಾಲು ಸಣ್ಣದು. ಊಟಿಯ ಸುಮಾರು 2,240 ಮೀಟರ್‌ನಲ್ಲಿ ತೆರೆದ ನೀರು ಹೆಚ್ಚುಕಡಿಮೆ 92–93 ಡಿಗ್ರಿಗೆ ಕುದಿಯುತ್ತದೆ. ಕ್ಯಾಪ್ ಗಟ್ಟಿಯಿದ್ದರೆ ಇದು ಲೆಕ್ಕಕ್ಕಿಲ್ಲ, ಕ್ಯಾಪ್ ಸ್ಪ್ರಿಂಗ್ ಸಡಿಲವಾಗಿದ್ದರೆ ಘಾಟಿಯಲ್ಲೇ ಕೈಕೊಡುತ್ತದೆ. ಹಾಗಾಗಿ ಮೊದಲು ಹೊಸ ಕ್ಯಾಪ್, ಅದೇ ಒತ್ತಡದ್ದು.

ಮಿಕ್ಕದ್ದು ಓಡಿಸುವ ರೀತಿ. ಕಲ್ಹಟ್ಟಿಯ 36 ತಿರುವುಗಳಲ್ಲಿ ಮೂರನೇ ಗೇರ್‌ನಲ್ಲಿ ಇಂಜಿನ್ ಕುಯ್ಯೋ ಅನ್ನುವಂತೆ ಎಳೆಸಿದರೆ ಭಾರ ಪೂರ್ತಿ, ಪಂಪಿನ ವೇಗ ಅರ್ಧ. ಎರಡನೇ ಗೇರಿಗೆ ಇಳಿಸಿ 2,500ರ ಸುಮಾರು ಆರ್‌ಪಿಎಂ ಇಟ್ಟರೆ ನೀರು ಚುರುಕಾಗಿ ಸುತ್ತುತ್ತದೆ. ನೀರು, ಹೋಸ್ ಎಲ್ಲ ಗುಂಡ್ಲುಪೇಟೆಯಲ್ಲೇ ನೋಡಿಕೊಳ್ಳಿ. ಬಂಡೀಪುರದ ಕಾಡಿನ ರಸ್ತೆಯಲ್ಲಿ ಇಳಿದು ಬಾನೆಟ್ ಎತ್ತುವ ಜಾಗವಿಲ್ಲ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆಯೂ ಬಂದ್.

ಚಾಮುಂಡಿ ಬೆಟ್ಟ ಹತ್ತಿ ಕಾರ್ ಆಫ್ ಮಾಡಿದ್ಮೇಲೂ ಫ್ಯಾನ್ ತಿರುಗ್ತಾನೇ ಇತ್ತು. ಕೆಟ್ಟಿದೆಯಾ?

ಇಲ್ಲ. ಹಲವು ಕಾರುಗಳಲ್ಲಿ ಹಾಗೇ ಮಾಡಿದ್ದಾರೆ, ಕೆಲವು ನಿಮಿಷದಲ್ಲಿ ನಿಲ್ಲುತ್ತದೆ. ಅರ್ಧ ಗಂಟೆಯಾದರೂ ತಿರುಗುತ್ತಿದ್ದರೆ ರಿಲೇ ಅಂಟಿಕೊಂಡಿದೆ, ಬೆಳಿಗ್ಗೆ ಬ್ಯಾಟರಿ ಡೌನ್.

ಬ್ಯಾಟರಿ ದೀಪ, ಹೀಟ್ ಎರಡೂ ಒಟ್ಟಿಗೆ ಬಂತು.

ಬೆಲ್ಟ್ ತುಂಡಾಗಿದೆ. ಅನೇಕ ಇಂಜಿನ್‌ಗಳಲ್ಲಿ ಆಲ್ಟರ್ನೇಟರ್, ವಾಟರ್ ಪಂಪ್ ಎರಡನ್ನೂ ಒಂದೇ ಬೆಲ್ಟ್ ತಿರುಗಿಸುತ್ತದೆ. ಅಲ್ಲೇ ಆಫ್ ಮಾಡಿ.

## ಬಿಚ್ಚಿ ನೋಡುವವರಿಗೆ

ನಮ್ಮೂರಿನ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ ಅಂತ ಮೆಕ್ಯಾನಿಕ್ ತೆಗೆದ್ಬಿಟ್ರು. ಸರೀನಾ?

ತಪ್ಪು. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬೇಗ ಬಿಸಿಯಾಗುವುದಿಲ್ಲ, ಇಸಿಯು (ಇಂಜಿನ್ನಿನ ಕಂಪ್ಯೂಟರ್) ಅದನ್ನು ತಣ್ಣನೆಯ ಇಂಜಿನ್ ಎಂದು ತಿಳಿದು ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್‌ನಲ್ಲಿ ಗಸಿ ಕಟ್ಟುತ್ತದೆ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಭಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನೇ ತೆಗೆದರೆ ಒಂದಷ್ಟು ಬಿಸಿನೀರು ರೇಡಿಯೇಟರಿಗೆ ಹೋಗದೆ ಸುಮ್ಮನೆ ಸುತ್ತಿ, ಭಾರ ಬಿದ್ದಾಗ ಹೀಟ್ ಇನ್ನೂ ಹೆಚ್ಚುತ್ತದೆ.

ಕೆಟ್ಟಿದೆಯೋ ಇಲ್ಲವೋ ಒಲೆಯ ಮೇಲೇ ನೋಡಬಹುದು. ವಾಲ್ವ್ ಬಾಯಿಗೆ ಒಂದು ದಾರ ಸಿಕ್ಕಿಸಿ, ಪಾತ್ರೆಯ ತಳ ಮುಟ್ಟದಂತೆ ನೀರಿನಲ್ಲಿ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ (ಜ್ವರದ್ದಲ್ಲ, 110 ಡಿಗ್ರಿವರೆಗೆ ತೋರಿಸುವಂಥದ್ದು). ನಿಧಾನಕ್ಕೆ ಕಾಯಿಸಿ. ವಾಲ್ವ್ ಬಾಯಿ ಬಿಟ್ಟ ಕ್ಷಣ ದಾರ ಜಾರಿ ಥರ್ಮೋಸ್ಟಾಟ್ ಕೆಳಗೆ ಬೀಳುತ್ತದೆ. ಆಗಿನ ಡಿಗ್ರಿ ಅದರ ಮೇಲೆ ಕೊರೆದಿರುವ ಅಂಕಿಗೆ, ಸಾಮಾನ್ಯವಾಗಿ 82 ಅಥವಾ 88, ಎರಡು ಮೂರು ಡಿಗ್ರಿ ಆಚೀಚೆ ಹೊಂದಬೇಕು. ನೀರು ಕುದಿಯತೊಡಗುವ ಹೊತ್ತಿಗೆ ಸುಮಾರು 8 ಮಿಲಿಮೀಟರ್ ತೆರೆದಿರಬೇಕು. ಕೂರಿಸುವಾಗ ಗಾಳಿ ಹೋಗುವ ಪುಟ್ಟ ಪಿನ್ ಇರುವ ಕಡೆ ಮೇಲಕ್ಕೆ ಬರಲಿ.

ಕೂಲೆಂಟ್ ಬದಲಾಯಿಸಿದ ಮಾರನೇ ದಿನವೇ ಹೀಟ್!

ಏರ್ ಲಾಕ್, ಅಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಪೂರ್ತಿ ಬಿಸಿಗೆ. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ತೆರೆದು, ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಮುಚ್ಚಿ. ಇಂಜಿನ್ 1,500–2,000 ಆರ್‌ಪಿಎಂನಲ್ಲಿಟ್ಟು, ಮಟ್ಟ ಇಳಿದಂತೆ ತುಂಬುತ್ತಾ, ಹೋಸ್‌ಗಳನ್ನು ಹಿಸುಕುತ್ತಾ ಇರಿ. ನೀರು ಬಿಸಿಯಾಗಿ ಉಬ್ಬತೊಡಗಿದಾಗ ಕ್ಯಾಪ್ ಹಾಕಿ, ಫ್ಯಾನ್ ಎರಡು ಸಲ ಬಂದು ನಿಲ್ಲುವವರೆಗೆ ಬಿಡಿ. ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಮತ್ತೆ ನೋಡಿದರೆ ಕಾಲು ಲೀಟರ್ ಇಳಿದಿರುವುದು ಸಹಜ.

ರೇಡಿಯೇಟರ್ ರಾಡಿಂಗ್ ಮಾಡಿಸ್ಲಾ, ಹೊಸದೇ ಹಾಕಿಸ್ಲಾ?

ಹಿತ್ತಾಳೆ–ತಾಮ್ರದ್ದಾದರೆ ಟ್ಯಾಂಕ್ ಬಿಚ್ಚಿ, ಟ್ಯೂಬಿಗೆ ಸಲಾಕೆ ಹಾಯಿಸಿ, ಮತ್ತೆ ಬೆಸುಗೆ ಹಾಕಬಹುದು. ಅಲ್ಯೂಮಿನಿಯಂ–ಪ್ಲಾಸ್ಟಿಕ್‌ನದಕ್ಕೆ ಹೊಸದೇ ಸರಿ, ಎಂ-ಸೀಲ್ ಹಚ್ಚಿದ್ದು ಒಂದು ಬೇಸಿಗೆ ತಡೆಯುವುದೂ ಅನುಮಾನ.

ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತಾರೆ. ಬಿಚ್ಚೋಕೆ ಮುಂಚೆ ಖಚಿತ ಮಾಡ್ಕೊಳ್ಳೋದು ಹೇಗೆ?

ಹೆಡ್ ಗ್ಯಾಸ್ಕೆಟ್ ಅಂದರೆ ಹೆಡ್‌ಗೂ ಬ್ಲಾಕ್‌ಗೂ ನಡುವೆ ಸೋರದಂತೆ ಕೂರಿಸುವ ಪದರ. ಒಂದೇ ಲಕ್ಷಣ ನೋಡಿ ಹೆಡ್ ಬಿಚ್ಚಿಸಬೇಡಿ, ಕನಿಷ್ಠ ಎರಡು ತಾಳೆಯಾಗಲಿ. ರಾತ್ರಿಯೆಲ್ಲ ತಣಿದ ಇಂಜಿನ್ ಸ್ಟಾರ್ಟ್ ಮಾಡಿ, ಒಂದು ನಿಮಿಷದೊಳಗೆ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗಿದೆಯೇ? ಅಷ್ಟು ಬೇಗ ಬಿಸಿಯಿಂದ ಒತ್ತಡ ಹುಟ್ಟುವುದಿಲ್ಲ, ಅದು ಸಿಲಿಂಡರಿನ ಗ್ಯಾಸ್. ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆ ನಿಲ್ಲದೆ ಏಳುತ್ತಿದೆಯೇ? ಬ್ಲಾಕ್ ಟೆಸ್ಟರ್ ಇರುವವರಾದರೆ ಕ್ಯಾಪ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದು ನೋಡುತ್ತಾರೆ, ಪೆಟ್ರೋಲ್ ಇಂಜಿನ್ನಿನ ಗ್ಯಾಸ್ ಇದ್ದರೆ ಅದು ಹಳದಿಗೆ ತಿರುಗುತ್ತದೆ. ಕಂಪ್ರೆಷನ್ ಟೆಸ್ಟ್‌ನಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆಯಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ.

ಆಯಿಲ್ ಕ್ಯಾಪ್ ಒಳಗೆ ಹಾಲು ಟೀಯಂಥ ಕೆನೆ ಕಂಡರೆ ಗಾಬರಿ ಬೇಡ. ಚಳಿಗಾಲದಲ್ಲಿ ಎರಡೆರಡು ಕಿಲೋಮೀಟರ್ ಓಡಿಸುವ ಗಾಡಿಗೆ ಅದು ತೇವದಿಂದಲೂ ಬರುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಮೇಲೂ ಅದೇ ಬಣ್ಣ, ಮಟ್ಟವೂ ಏರಿದೆ ಅಂದರೆ ಮಾತ್ರ ಇಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ.

ಹೆಡ್ ಫೇಸಿಂಗ್ (ಬಾಗಿದ ಮೇಲ್ಮೈ ತರಿದು ಸಮ ಮಾಡುವುದು) ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿದ್ರೂ ಮತ್ತೆ ಹೀಟ್. ಈಗ?

ಗ್ಯಾಸ್ಕೆಟ್ ತಾನಾಗಿ ಸುಡುವುದು ಅಪರೂಪ. ಮೊದಲು ಹೀಟ್ ಆಯಿತು, ಆಮೇಲೆ ಸುಟ್ಟಿತು. ಆ ಮೊದಲ ಕಾರಣ ಹಾಗೇ ಉಳಿದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಕ್ಯಾಪ್, ಥರ್ಮೋಸ್ಟಾಟ್, ಪಂಪ್, ರೇಡಿಯೇಟರ್ ಇವನ್ನು ಹೆಡ್ ಕೆಲಸದ ಜೊತೆಗೇ ಪರೀಕ್ಷಿಸಿದ್ದರೇ ಎಂದು ಕೇಳಿ.

ಕೆಲಸದಲ್ಲೇ ತಪ್ಪಿರುವುದೂ ಉಂಟು. ಲೇತ್‌ನವರು ಹೆಡ್ ಮಾತ್ರ ನೋಡಿ ಬ್ಲಾಕ್ ಮೇಲ್ಮೈ ಸಮವಾಗಿದೆಯೇ ಎಂದು ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು ನೋಡಿರುವುದಿಲ್ಲ. ಅನೇಕ ಸಣ್ಣ ಇಂಜಿನ್‌ಗಳಿಗೆ ಬಾಗುವಿಕೆಯ ಮಿತಿ 0.05 ಮಿಲಿಮೀಟರ್, ಅದು ಕಣ್ಣಿಗೆ ಕಾಣುವುದಲ್ಲ, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ಬೇಕು. ಹೆಡ್‌ನಲ್ಲಿ ವಾಲ್ವ್ ಸೀಟುಗಳ ನಡುವೆ ಸಣ್ಣ ಬಿರುಕಿದ್ದರೆ ಫೇಸಿಂಗ್‌ನಿಂದ ಹೋಗುವುದಿಲ್ಲ, ಪ್ರೆಷರ್ ಟೆಸ್ಟ್‌ನಲ್ಲೇ ತಿಳಿಯಬೇಕು. ಆ್ಯಂಗಲ್ ಟಾರ್ಕ್‌ನ (ಇಷ್ಟು ಡಿಗ್ರಿ ತಿರುಗಿಸಿ ಬಿಗಿ ಮಾಡುವ) ಬೋಲ್ಟ್‌ಗಳು ಒಮ್ಮೆ ಎಳೆದು ಉದ್ದವಾದವು, ಮರುಬಳಕೆ ಮಾಡಿದರೆ ಹಿಡಿತ ಸಾಲದು. ಡೀಸೆಲ್‌ನಲ್ಲಿ ದಪ್ಪ ತಿಳಿಸುವ ಗ್ಯಾಸ್ಕೆಟ್ ಅಂಚಿನ ಕಚ್ಚು ಎಣಿಸಿ ಅದೇ ದಪ್ಪದ್ದು ಹಾಕಬೇಕು. ಗ್ಯಾಸ್ಕೆಟ್ ತಿರುಗುಮುರುಗಾಗಿ ಕೂತರೆ ನೀರಿನ ತೂತುಗಳೇ ಮುಚ್ಚಿಹೋಗುತ್ತವೆ.

ಇದನ್ನೆಲ್ಲ ಮತ್ತೆ ಬಿಚ್ಚಿಸುವ ಮುಂಚೆ ಟಾರ್ಚ್ ಹಿಡಿದು ಫ್ಯಾನ್ ಮೋಟಾರಿನ ಪ್ಲಗ್ ವಾಪಸ್ ಸಿಕ್ಕಿಸಿದ್ದಾರೋ ಇಲ್ಲವೋ ನೋಡಿ. ಹೆಡ್ ಇಳಿಸಲು ಅದನ್ನು ಬಿಚ್ಚಿ ಪಕ್ಕಕ್ಕೆ ಕಟ್ಟಿರುತ್ತಾರೆ.